ಸೈಕಲ್ ಚಕ್ರದ ನೆರಳು ಮತ್ತು ಋಣ ಆವೃತ್ತಿ

"ಆವೃತ್ತಿ ಮೈನಸ್ ಹೇಗಾಗುತ್ತೆ ಸಾರ್?" ಅಂತ ಮಕ್ಕಳು ಕೇಳಿದರೆ ಒಂದು ಸೈಕಲ್ ತನ್ನಿ. ಚಕ್ರದ ಅಂಚಿಗೆ ಪಕ್ಕಕ್ಕೆ ಚಾಚುವ ಹಾಗೆ ಕಡ್ಡಿ ಕಟ್ಟಿ, ಹಿಂದಿನಿಂದ ಟಾರ್ಚ್ ಬಿಟ್ಟು ಚಕ್ರ ತಿರುಗಿಸಿ. ಎದುರು ಗೋಡೆಯಲ್ಲಿ ಕಡ್ಡಿಯ ನೆರಳು ಮೇಲೆ ಕೆಳಗೆ ಆಡುತ್ತದೆ. ಚಕ್ರ ಮುಂದಕ್ಕೆ ತಿರುಗಲಿ, ಹಿಂದಕ್ಕೆ ತಿರುಗಲಿ, ನೆರಳು ಒಂದೇ! ಮುಂದಿನ ತಿರುಗು ಧನ ಆವೃತ್ತಿ, ಹಿಂದಿನದು ಋಣ ಆವೃತ್ತಿ.

ಫೂರಿಯರ್ ಲೆಕ್ಕದಲ್ಲಿ ಪ್ರತಿ ಕೊಸೈನ್ ಅಲೆಯೂ ಇಂಥ ಎರಡು ತಿರುಗುಗಳ ಅರ್ಧರ್ಧ ಮೊತ್ತ. ವಾಸ್ತವ ಅಲೆಯಲ್ಲಿ ಋಣ ಭಾಗ ಧನ ಭಾಗದ ಕನ್ನಡಿ ಬಿಂಬ ಅಷ್ಟೇ. ಅದನ್ನು ಕೈಬಿಟ್ಟು ಧನ ಭಾಗವನ್ನು ಇಮ್ಮಡಿಸಿದರೆ ಮಾಹಿತಿ ಏನೂ ಹೋಗುವುದಿಲ್ಲ. ಸಿಗುವುದು ಗಡಿಯಾರದ ಮುಳ್ಳಿನಂತೆ ಒಂದೇ ಕಡೆ ತಿರುಗುವ ಬಾಣ. 1946ರಲ್ಲಿ ಡೆನ್ನಿಸ್ ಗಾಬರ್ ಬಳಕೆಗೆ ತಂದ ಇದಕ್ಕೆ ಅನಲಿಟಿಕ್ ಸಿಗ್ನಲ್ ಎಂದು ಹೆಸರು.

ಇದರಿಂದ ಏನು ಲಾಭ? ಪೆರಿಯಕುಳಂನಿಂದ ತಲೆಯೆತ್ತಿದರೆ ಪಳನಿ ಬೆಟ್ಟಸಾಲು. ಅದರ ಮೇಲೆ ಕೊಡೈಕನಾಲ್ ಸೌರ ವೀಕ್ಷಣಾಲಯ. ಅಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತಿದ್ದಾರೆ. ಸೌರಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಕಲೆಗಳು ಮಧ್ಯಮ ಮಟ್ಟದಲ್ಲಿವೆ ಅಂದರೆ ಏರುತ್ತಿವೆಯೋ ಇಳಿಯುತ್ತಿವೆಯೋ? ಆ ಒಂದು ಸಂಖ್ಯೆ ಹೇಳದು. ಸರಾಸರಿ ಕಳೆದು, 11 ವರ್ಷದ ಆಸುಪಾಸಿನ ಏರಿಳಿತವನ್ನಷ್ಟೇ ಉಳಿಸಿ ಬಾಣ ಮಾಡಿ: ಉದ್ದ ಏರಿಳಿತದ ಬಲ ಹೇಳುತ್ತೆ, ಕೋನ ಚಕ್ರದ ಯಾವ ಹಂತ ಎಂದು ಹೇಳುತ್ತೆ.

ನೆರಳು ಮುಚ್ಚಿಟ್ಟದ್ದನ್ನು ಬಾಣ ತೋರಿಸಿತು. ಹಾಗಾಗಿ ಋಣ ಆವೃತ್ತಿಯನ್ನು "ಅರ್ಥವಿಲ್ಲದ್ದು" ಅನ್ನಬೇಡಿ. "ಹಿಂದಕ್ಕೆ ತಿರುಗುವ ಚಕ್ರ" ಅನ್ನಿ.