ಪಲ್ಲಕ್ಕಿಯ ಹೆಜ್ಜೆಯಲ್ಲಿ ಕೇದಾರಕ್ಕೆ

ಕಳೆದ ಮಾಘ ಮಾಸದ ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿನ ನಮ್ಮ ಮನೆಗೆ ಪರಿಚಿತ ಕುಟುಂಬವೊಂದು ಬಂದಿತ್ತು. ಧಾರವಾಡದ ಕಡೆಯವರು, ಮಗನ ಬ್ಯಾಂಕಿನ ನೌಕರಿಯ ನಿಮಿತ್ತ ಇಲ್ಲಿ ನೆಲೆಸಿದವರು. ಮಗನ ಕೈಯಲ್ಲಿ ಅಚ್ಚುಕಟ್ಟಾಗಿ ಬರೆದ ಒಂದು ಹಾಳೆ. ಶುಕ್ರವಾರ ವಿಮಾನ, ಶನಿವಾರ ಗುಪ್ತಕಾಶಿ, ಭಾನುವಾರ ಹೆಲಿಕಾಪ್ಟರಿನಲ್ಲಿ ಕೇದಾರ, ಸೋಮವಾರ ಬದರಿ, ಬುಧವಾರ ಕಚೇರಿಗೆ ಹಾಜರು. ಜೊತೆಗೆ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ರಕ್ತದೊತ್ತಡ ಮತ್ತು ಮಧುಮೇಹ ಎರಡೂ ಇರುವ ಎಪ್ಪತ್ತು ದಾಟಿದ ತಾಯಿ. "ಹೊರಡಲಿಕ್ಕೆ ಒಂದು ಒಳ್ಳೆಯ ದಿನ ಹೇಳಿರಿ" ಎಂದರು.

ನಾವು ಪಂಚಾಂಗ ತೆಗೆಯಲಿಲ್ಲ. "ಶಿವಭಕ್ತರಿಗೆ ಎಲ್ಲ ದಿನವೂ ಒಳ್ಳೆಯದೇ. ಆದರೆ ನಿಮ್ಮ ಹಾಳೆಯಲ್ಲಿರುವ ದಿನಗಳು ಸಾಲವು" ಎಂದೆವು. ಅವರ ಮುಖ ಸ್ವಲ್ಪ ಬಾಡಿತು. ಹಾಗೆ ಹೇಳಲು ನಮಗಿದ್ದ ಕಾರಣವನ್ನು ಅಂದು ಅವರಿಗೆ ವಿವರಿಸಿದೆವು. ಬೇಸಿಗೆ ಬಂದೊಡನೆ ಇಂಥ ಹಾಳೆಗಳು ನಮ್ಮ ಎಷ್ಟೋ ಮನೆಗಳಲ್ಲಿ ಸಿದ್ಧವಾಗುವುದರಿಂದ ಅದನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮದೇ ಒಂದು ತಪ್ಪು

2011ರ ಮೇ ತಿಂಗಳಲ್ಲಿ ನಾವು ಹನ್ನೊಂದು ಮಂದಿ ಮಂಗಳೂರಿನಿಂದ ಕೇದಾರಕ್ಕೆ ಹೊರಟೆವು. ದೆಹಲಿಗೆ ವಿಮಾನ, ರಾತ್ರಿ ಬಸ್ಸಿನಲ್ಲಿ ಹರಿದ್ವಾರ, ಮರುದಿನ ಗೌರಿಕುಂಡ, ಅದರ ಮರುದಿನ ಕುದುರೆಯ ಮೇಲೆ ಕೇದಾರ. ಕಡಲ ಮಟ್ಟದ ಊರು ಬಿಟ್ಟು ಮೂರು ದಿನ ಕಳೆಯುವುದರೊಳಗೆ ಹಿಮಶಿಖರಗಳ ಬುಡದಲ್ಲಿದ್ದೆವು. ಸಂಜೆಯ ಆರತಿಯನ್ನು ಕಣ್ತುಂಬ ಕಂಡೆವು. ದಾರಿಯ ದಣಿವನ್ನು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಎಷ್ಟು ಸುಲಭವಾಗಿ ಬಂದುಬಿಟ್ಟೆವೆಂದು ಹೆಮ್ಮೆಯನ್ನೂ ಪಟ್ಟೆವು.

ನಡುರಾತ್ರಿ ನಮ್ಮ ಜೊತೆಯಲ್ಲಿದ್ದ ನಿವೃತ್ತ ಅಧ್ಯಾಪಕ ಮಿತ್ರರು ತಲೆನೋವೆಂದು ಎದ್ದರು. ಎರಡು ಬಾರಿ ವಾಂತಿಯಾಯಿತು. ಚಳಿಗೆ ಹೀಗಾಗಿದೆಯೆಂದು ಇನ್ನೊಂದು ರಜಾಯಿ ಹೊದಿಸಿದೆವು. ಮೂರು ಗಂಟೆಯ ಹೊತ್ತಿಗೆ ಅವರು ಎದ್ದು ನಿಂತರೆ ತೂರಾಡುತ್ತಿದ್ದರು, ನಮ್ಮ ಹೆಸರನ್ನು ತಪ್ಪಾಗಿ ಹೇಳುತ್ತಿದ್ದರು. ಆಗಲೂ ನಾವು ಬೆಳಗಾಗಲೆಂದು ಕಾದೆವು. ಪಕ್ಕದ ಕೋಣೆಗೆ ನೀರು ತಂದಿದ್ದ ಸ್ಥಳೀಯ ಹುಡುಗನೊಬ್ಬ ಇಣುಕಿ ನೋಡಿ, ಇವರನ್ನು ಈಗಲೇ ಕೆಳಗಿಳಿಸಿ ಎಂದು ಗದರಿದ. ಅವನೇ ಇಬ್ಬರು ಹೊರೆಯಾಳುಗಳನ್ನು ಕರೆತಂದ. ಬೆನ್ನಿನ ಬುಟ್ಟಿಯಲ್ಲಿ ಕುಳ್ಳಿರಿಸಿಕೊಂಡು, ಕೈದೀಪದ ಬೆಳಕಿನಲ್ಲಿ ಇಳಿದರು. ಅರ್ಧ ದಾರಿಯ ರಾಂಬಾಡಾ ತಲುಪುವ ಹೊತ್ತಿಗೆ ಮಿತ್ರರ ಮಾತು ಸರಿಯಾಗಿತ್ತು. "ಒಂದು ಲೋಟ ಚಹಾ ಸಿಕ್ಕೀತೇ?" ಎಂದು ಕೇಳಿದರು. ನಾವು ದಾರಿಬದಿಯ ಕಲ್ಲಿನ ಮೇಲೆ ಕುಳಿತು ಅತ್ತುಬಿಟ್ಟೆವು.

ಎರಡು ವರ್ಷಗಳ ಬಳಿಕ, 2013ರ ಜೂನ್ 16 ಮತ್ತು 17ರಂದು, ಭಾರಿ ಮಳೆಯಲ್ಲಿ ಚೋರಾಬಾರಿ ಸರೋವರದ ಕಟ್ಟೆ ಒಡೆದು ಬಂದ ಪ್ರವಾಹದಲ್ಲಿ ಆ ರಾಂಬಾಡಾವೇ ಕೊಚ್ಚಿಹೋಯಿತು. ಈಗಿನ ಕಾಲುದಾರಿ ಬೇರೆ. 14 ಕಿಲೋಮೀಟರಿನಷ್ಟಿದ್ದುದು ಸುಮಾರು 16 ಆಗಿದೆ. ದಾರಿ ಬದಲಾದರೂ ಎತ್ತರ ಬದಲಾಗಿಲ್ಲ, ಮನುಷ್ಯರ ಆತುರವೂ ಬದಲಾಗಿಲ್ಲ. 2022ರ ಯಾತ್ರಾ ಋತುವಿನಲ್ಲಿ ಉತ್ತರಾಖಂಡದ ನಾಲ್ಕು ಧಾಮಗಳ ದಾರಿಯಲ್ಲಿ ಅನಾರೋಗ್ಯದಿಂದಲೇ ಇನ್ನೂರಕ್ಕೂ ಹೆಚ್ಚು ಯಾತ್ರಿಕರು ಅಸುನೀಗಿದರು.

ಎತ್ತರವೆಂದರೆ ಏನು?

ಕರಾವಳಿಯ ನಮಗೆ ಎತ್ತರದ ಅಂದಾಜು ಕಡಿಮೆ. ಚಾರ್ಮಾಡಿ ಏರಿದರೆ ಕಿವಿ ಮುಚ್ಚುತ್ತದೆ, ಅದನ್ನೇ ಬೆಟ್ಟವೆನ್ನುತ್ತೇವೆ. ನಮ್ಮ ರಾಜ್ಯದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಕೇದಾರದ ಕಾಲುದಾರಿ ಆರಂಭವಾಗುವ ಗೌರಿಕುಂಡ ಹೆಚ್ಚು ಕಡಿಮೆ ಅದೇ ಎತ್ತರದಲ್ಲಿದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು, ಅಲ್ಲಿಂದ ಮತ್ತೆ 1,600 ಮೀಟರ್ ಏರಬೇಕು. ದೇವಾಲಯವಿರುವುದು 3,583 ಮೀಟರ್ ಎತ್ತರದಲ್ಲಿ.

ಅಲ್ಲಿಯ ಗಾಳಿಯಲ್ಲಿಯೂ ಪ್ರಾಣವಾಯುವಿನ ಪಾಲು ಇಲ್ಲಿಯಷ್ಟೇ. ಆದರೆ ಗಾಳಿಯೇ ತೆಳು. ಮಂಗಳೂರಿನಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯುವಿನಲ್ಲಿ ಅಲ್ಲಿ ಸಿಗುವುದು ಸುಮಾರು ಮೂರನೆಯ ಎರಡು ಭಾಗ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳನ್ನು ಕೇಳುತ್ತದೆ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತೊಂದರೆಯಾಗಬಹುದು. ದಿನವೂ ವ್ಯಾಯಾಮ ಮಾಡುವ ಗಟ್ಟಿಮುಟ್ಟಾದ ಯುವಕನಿಗೂ ವಿನಾಯಿತಿಯಿಲ್ಲ. ತೊಂದರೆ ತಲುಪಿದೊಡನೆ ಬರುವುದೂ ಇಲ್ಲ. ಆರು, ಎಂಟು, ಹನ್ನೆರಡು ಗಂಟೆಗಳ ಬಳಿಕ, ಬಹುಮಟ್ಟಿಗೆ ರಾತ್ರಿಯ ಹೊತ್ತು ಬರುತ್ತದೆ. ಅಂದು ಸಂಜೆ ನಾವು ಹೆಮ್ಮೆಪಟ್ಟದ್ದು ಈ ಅಜ್ಞಾನದಿಂದಲೇ.

ಆದ್ದರಿಂದ ವಾಹನ ವೇಗವಾದಷ್ಟೂ ಎಚ್ಚರ ಹೆಚ್ಚಬೇಕು. ಹೆಲಿಕಾಪ್ಟರು ಕೆಲವೇ ನಿಮಿಷಗಳಲ್ಲಿ ಮೇಲಿಳಿಸುತ್ತದೆ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ ಕೇಂದ್ರ ಸಚಿವ ಸಂಪುಟ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿದೆ. ಎಂಟೊಂಬತ್ತು ಗಂಟೆಗಳ ಹಾದಿ 36 ನಿಮಿಷಕ್ಕೆ ಇಳಿಯಲಿದೆಯಂತೆ. ಮಂಡಿನೋವಿನವರಿಗೆ ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಯಂತ್ರ ಉಳಿಸುವುದು ಕಾಲುಗಳ ಶ್ರಮವನ್ನು ಮಾತ್ರ. ರಕ್ತಕ್ಕೂ ಶ್ವಾಸಕ್ಕೂ ಬೇಕಾದ ಕಾಲವನ್ನು ಅದು ಕೊಡಲಾರದು.

ದೇವರೇ ಮೂರು ರಾತ್ರಿ ತಂಗುತ್ತಾನೆ

ಹಾಗಾದರೆ ಯೋಜನೆ ಹೇಗಿರಬೇಕು? ಉತ್ತರ ಕೇದಾರದ ಸಂಪ್ರದಾಯದಲ್ಲಿಯೇ ಇದೆ. ಹಿಮ ಬೀಳುವ ಆರು ತಿಂಗಳು ಕೇದಾರದ ಬಾಗಿಲು ಮುಚ್ಚಿರುತ್ತದೆ. ದೀಪಾವಳಿಯ ಬಳಿಕ ಯಮದ್ವಿತೀಯೆಯಂದು ಬಾಗಿಲು ಹಾಕಿ, ಉತ್ಸವಮೂರ್ತಿಯನ್ನು ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ತರುತ್ತಾರೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಅಲ್ಲಿಯೇ ಪ್ರಕಟಿಸುತ್ತಾರೆ. ಊಖೀಮಠವು ನಮ್ಮ ಐದು ಪೀಠಗಳಲ್ಲೊಂದಾದ ಕೇದಾರ ಪೀಠದ ನೆಲೆ. ಪರಂಪರೆಯಂತೆ ಕೇದಾರದ ರಾವಲ್ ಆಗಿ ಬರುವವರು ಕನ್ನಡ ನೆಲದ ಸಂಬಂಧವುಳ್ಳ ವೀರಶೈವ ಜಂಗಮರು. ಗರ್ಭಗುಡಿಯ ಪೂಜೆಯನ್ನು ಅವರು ತಾವೇ ಮಾಡುವುದಿಲ್ಲ. ಅವರ ನಿರ್ದೇಶನದಲ್ಲಿ ಅರ್ಚಕರು ನಡೆಸುತ್ತಾರೆ. ಸಾವಿರಾರು ಮೈಲಿ ದೂರದ ಮಂದಾಕಿನಿಯ ದಡದಲ್ಲಿ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಆಗುವ ಸಂತೋಷವನ್ನು ಅನುಭವಿಸಿದವರೇ ಬಲ್ಲರು.

ಬೇಸಿಗೆಯ ಆರಂಭದಲ್ಲಿ ಪಂಚಮುಖಿ ಪಲ್ಲಕ್ಕಿ ಊಖೀಮಠದಿಂದ ಕಾಲ್ನಡಿಗೆಯಲ್ಲಿ ಹೊರಡುತ್ತದೆ. ಮೊದಲ ರಾತ್ರಿ ಗುಪ್ತಕಾಶಿ, ಎರಡನೆಯ ರಾತ್ರಿ ಫಾಟಾ, ಮೂರನೆಯ ರಾತ್ರಿ ಗೌರಿಕುಂಡ; ನಾಲ್ಕನೆಯ ದಿನ ಕೇದಾರ. ತನ್ನ ಮನೆಗೆ ತಾನು ಹೋಗುವ ದೇವರೇ ಮೂರು ಕಡೆ ತಂಗಿ ಏರುವಾಗ, ಕಡಲ ದಡದಿಂದ ಬರುವ ನಾವು ಒಂದೇ ಉಸಿರಿಗೆ ಏರಬೇಕೆಂದರೆ ಹೇಗೆ? ಆ ಬ್ಯಾಂಕಿನ ಮಿತ್ರರ ಹಾಳೆಯನ್ನು ಮಗುಚಿ, ಅದರ ಹಿಂಬದಿಯಲ್ಲಿ ನಾವು ಹೀಗೆ ಬರೆದುಕೊಟ್ಟೆವು:

ಮೊದಲ ದಿನ, ಮಂಗಳೂರಿನಿಂದ ನಡುವೆ ವಿಮಾನ ಬದಲಿಸಿ ಡೆಹ್ರಾಡೂನ್, ರಾತ್ರಿ ಋಷಿಕೇಶ. ಕೊಂಕಣ ಮಾರ್ಗದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಹೋಗುವವರು ಎರಡು ರಾತ್ರಿ ಕೂಡಿಸಿಕೊಳ್ಳಲಿ.

ಎರಡನೆಯ ದಿನ, ದೇವಪ್ರಯಾಗದಲ್ಲಿ ಅಲಕನಂದಾ-ಭಾಗೀರಥಿ ಕೂಡಿ ಗಂಗೆಯಾಗುವುದನ್ನೂ ರುದ್ರಪ್ರಯಾಗದಲ್ಲಿ ಮಂದಾಕಿನಿಯ ಸಂಗಮವನ್ನೂ ನೋಡುತ್ತ, ಊಖೀಮಠ. ಎತ್ತರ ಸುಮಾರು 1,300 ಮೀಟರ್.

ಮೂರನೆಯ ದಿನವೂ ಅಲ್ಲಿಯೇ. ಬೆಳಿಗ್ಗೆ ಓಂಕಾರೇಶ್ವರ, ಬಳಿಕ ವಾಹನದಲ್ಲಿ ಚೋಪ್ತಾ. ಅದು 2,600 ಮೀಟರಿಗೂ ಮೇಲೆ. ಅಲ್ಲಿ ಕೆಲವು ಗಂಟೆ ನಿಧಾನವಾಗಿ ಅಡ್ಡಾಡಿ, ಆಕಾಶ ತಿಳಿಯಾಗಿದ್ದರೆ ಚೌಖಂಬಾ ಶಿಖರಗಳನ್ನು ನೋಡಿ, ಮಲಗಲು ಊಖೀಮಠಕ್ಕೆ ಹಿಂದಿರುಗುವುದು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದು ದೇಹಕ್ಕೆ ಒಳ್ಳೆಯ ಪಾಠ.

ನಾಲ್ಕನೆಯ ದಿನ ಗುಪ್ತಕಾಶಿ, ತ್ರಿಯುಗೀನಾರಾಯಣ, ರಾತ್ರಿ ಗೌರಿಕುಂಡ. ಐದನೆಯ ದಿನ ನಸುಕಿನಲ್ಲಿ ಹೊರಟು ಕೇದಾರ. ಒಂದೇ ದಿನ 1,600 ಮೀಟರ್ ಏರುವುದು ವೈದ್ಯರ ದೃಷ್ಟಿಯಲ್ಲಿ ಹೆಚ್ಚೇ. ಆ ಎತ್ತರಗಳಲ್ಲಿ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ಅವರ ಲೆಕ್ಕ. ಆದ್ದರಿಂದ ನಡುವಿನ ಲಿಂಚೋಲಿಯಲ್ಲಿ ತಂಗಲು ಅನುಕೂಲವಿದ್ದರೆ ತಂಗುವುದು ಲೇಸು. ಆರನೆಯ ದಿನ ಇಳಿಯುವುದು. ಏಳನೆಯ ದಿನ ಖಾಲಿ.

"ಖಾಲಿ ಯಾಕೆ?" ಎಂದರು ಮಗ. ಆ ದಿನವನ್ನು ಮಳೆಗೂ ಕುಸಿಯುವ ಗುಡ್ಡಕ್ಕೂ ಮೀಸಲಿಡಬೇಕು. 2024ರ ಜುಲೈ 31ರ ರಾತ್ರಿಯ ಮಳೆಗೆ ಕೇದಾರದ ಕಾಲುದಾರಿ ಹಲವೆಡೆ ಕಿತ್ತುಹೋಗಿ ಸಾವಿರಾರು ಮಂದಿಯನ್ನು ಹೊರತರಬೇಕಾಯಿತು. 2025ರ ಜೂನ್ 15ರಂದು ಗೌರಿಕುಂಡದ ಬಳಿ ಹೆಲಿಕಾಪ್ಟರು ಬಿದ್ದು ಏಳು ಮಂದಿ ತೀರಿಕೊಂಡರು. ಮೋಡ ಕವಿದಾಗ ಕಾಯುವ ವ್ಯವಧಾನ ಬೇಕು. ಮರುದಿನದ ವಿಮಾನದ ಟಿಕೆಟು ಜೇಬಿನಲ್ಲಿದ್ದರೆ ಆ ವ್ಯವಧಾನ ಬಾರದು. ಎಂಟು, ಒಂಬತ್ತನೆಯ ದಿನಗಳು ಹಿಂದಿರುಗಲು. ಬದರಿಯನ್ನು ಹೊಡೆದುಹಾಕಿದೆವು. ದಿನ ಕಡಿಮೆಯಿದ್ದರೆ ಸ್ಥಳಗಳನ್ನು ಬಿಡಬೇಕೇ ಹೊರತು ವಿಶ್ರಾಂತಿಯನ್ನು ಬಿಡಬಾರದು.

ಕೆಲವು ಕಿವಿಮಾತುಗಳು

ಜುಲೈ, ಆಗಸ್ಟ್ ಬೇಡ. ಮೇ, ಜೂನಿನಲ್ಲಿ ಜನಸಂದಣಿ ವಿಪರೀತ. ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರ್ ಹಿತ, ಆದರೆ ಚಳಿ ಹೆಚ್ಚು. ಉತ್ತರಾಖಂಡ ಸರಕಾರದ ಯಾತ್ರಾ ನೋಂದಣಿ ಕಡ್ಡಾಯ. ಹೆಲಿಕಾಪ್ಟರಿನ ಟಿಕೆಟನ್ನು ಅಧಿಕೃತ ತಾಣದಲ್ಲಿ ಮಾತ್ರ ಕೊಳ್ಳಬೇಕು. ನಕಲಿ ತಾಣಗಳಲ್ಲಿ ಹಣ ಕಳೆದುಕೊಂಡವರು ಬಹಳ ಮಂದಿ.

ಹೊರಡುವ ಒಂದು ತಿಂಗಳ ಮೊದಲು ವೈದ್ಯರನ್ನು ಕಾಣಿರಿ. ಎತ್ತರದ ತೊಂದರೆ ತಡೆಯಲು ಅಸೆಟಝೋಲಮೈಡ್ ಎಂಬ ಗುಳಿಗೆಯುಂಟು. ಸಲ್ಫಾ ಒಗ್ಗದವರು ಅದನ್ನು ಮುಂಚಿತವಾಗಿ ತಿಳಿಸಬೇಕು. ನಿತ್ಯದ ಔಷಧಗಳನ್ನು ಬಿಡಬಾರದು. ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ಮೇಲೆ ಹೋದಾಗ ನಿದ್ರೆ ಬಾರದೆಂದು ನಿದ್ರೆಯ ಮಾತ್ರೆ ನುಂಗಬಾರದು. ಹೊರಡುವ ಮುನ್ನ ಒಂದು ಭಾನುವಾರ ಕುಟುಂಬ ಸಮೇತ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ಬನ್ನಿರಿ. ಯಾರ ಮಂಡಿ, ಯಾರ ಉಸಿರು ಹೇಗಿದೆಯೆಂಬುದು ಅಲ್ಲಿಯೇ ತಿಳಿಯುತ್ತದೆ.

ಮೇಲೆ ತಲುಪಿದ ಮೇಲೆ ತಲೆನೋವು, ವಾಕರಿಕೆ ಬಂದರೆ ಮುಂದಿನ ಎತ್ತರ ಬೇಡ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತೂರಾಟ, ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಿಗಾಗಿ ಕಾಯಬೇಡಿ. ಆಸ್ಪತ್ರೆ ಹತ್ತಿರವಿದ್ದರೆ ಪ್ರಾಣವಾಯು ಕೊಡಿಸಿ, ಜೊತೆಗೆ ಇಳಿಯುವ ಏರ್ಪಾಡು ಮಾಡಿ. ಇಳಿಯುವುದೇ ಮೊದಲ ಔಷಧ. ನಾವು ಕಾದ ಆ ಒಂದು ಗಂಟೆಯನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಇಷ್ಟೆಲ್ಲ ಮಾತಾಗುವವರೆಗೆ ತಾಯಿಯವರು ಒಂದು ಮಾತನ್ನೂ ಆಡಿರಲಿಲ್ಲ. ಅವರನ್ನು ಬಿಟ್ಟುಹೋಗಬೇಕೆಂದು ಹೇಳುವ ಧೈರ್ಯ ಮಗನಿಗಿರಲಿಲ್ಲ, ನಮಗೂ ಇರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಅವರೇ ಕೇಳಿದರು: "ಅಯ್ನೋರ, ಆರು ತಿಂಗಳು ದೇವ್ರು ಕೆಳಗ ಊಖೀಮಠಕ್ಕ ಬರ್ತಾನಂದ್ರಿ, ಖರೇನ?" ಹೌದೆಂದೆವು. "ಹಂಗಾದ್ರ ಅಂವಾ ಕೆಳಗ ಬಂದಾಗ ನಾ ಹೋಗತೀನಿ ತಗೋರಿ. ಇವ್ರು ಹುಡುಗ್ರು ಮ್ಯಾಲ ಹೋಗಿ ಬರಲಿ."

ದೇಹವನ್ನೇ ಗುಡಿಯೆಂದು ಕಂಡ ಶರಣರ ಮಕ್ಕಳು ನಾವು. ಒಂದು ಗುಡಿಯನ್ನು ನೋಡಲು ಇನ್ನೊಂದನ್ನು ಕೆಡವಬಾರದೆಂಬ ತಿಳಿವಳಿಕೆ ಆ ತಾಯಿಗೆ ಸಹಜವಾಗಿಯೇ ಇತ್ತು. ಏರಲಾಗದವರಿಗಾಗಿ ಇಳಿದು ಬರುವ ವ್ಯವಸ್ಥೆಯನ್ನು ಕೇದಾರನಾಥನೇ ಮಾಡಿಟ್ಟಿದ್ದಾನೆ. ಈ ವರ್ಷ ಹೊರಡುವ ಬಂಧುಗಳೆಲ್ಲ ನಿಧಾನವಾಗಿ ಏರಿ, ಸುಖವಾಗಿ ಇಳಿದು, ಮನೆ ಸೇರಲೆಂದು ಹಾರೈಸುತ್ತೇವೆ.