ಬನಶಂಕರಿಯ ಗ್ಯಾರೇಜು, ಶ್ರೀಪೆರಂಬುದೂರಿನ ಟ್ರ್ಯಾಕು

ಕೆಎ-05 ಜಯನಗರ ಆರ್‌ಟಿಒ ನಂಬರು. ಆ ನಂಬರಿನ ಹಳೆಯ ಪೋಲೊ ಒಂದು ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಬಣ್ಣ ಮಾಸಿರುತ್ತದೆ, ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು ಬಿದ್ದಿರುತ್ತದೆ. ಗೊತ್ತಿದ್ದವರು ಮಾತ್ರ ಟೈರಿನ ಕಡೆ ಕಣ್ಣು ಹಾಯಿಸುತ್ತಾರೆ. ಅಂಚು ಕರಗಿ, ರಬ್ಬರು ಸಣ್ಣ ಸಣ್ಣ ಉಂಡೆಗಳಾಗಿ ಅಲ್ಲೇ ಮೆತ್ತಿಕೊಂಡಿದ್ದರೆ ಆ ಕಾರು ಹಿಂದಿನ ಭಾನುವಾರ ಎಲ್ಲಿತ್ತು ಎಂದು ಕೇಳಬೇಕಾಗಿಲ್ಲ. ಶ್ರೀಪೆರಂಬುದೂರಿನ ಬಳಿಯ ರೇಸ್ ಟ್ರ್ಯಾಕಿನಲ್ಲಿ ಸುತ್ತು ಹೊಡೆದು ಬಂದಿದೆ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಸುತ್ತಮುತ್ತ ಇಂಥ ಕಾರಿಟ್ಟುಕೊಂಡವರು ಇದ್ದಾರೆ. ಹೆಚ್ಚಿನವರು ಸಂಬಳಕ್ಕೆ ದುಡಿಯುವವರು. ಇವರ ಹವ್ಯಾಸಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಇದು ಸ್ಪರ್ಧೆಯಲ್ಲ, ಬಹುಮಾನವಿಲ್ಲ, ಯಾರು ಮೊದಲು ಬಂದರು ಎಂಬ ಲೆಕ್ಕವೂ ಇಲ್ಲ. ಸಂಘಟಕರು ಒಂದು ದಿನಕ್ಕೆ ಟ್ರ್ಯಾಕು ಹಿಡಿಯುತ್ತಾರೆ. ಹಣ ಕಟ್ಟಿದವರು ತಮ್ಮ ಕಾರು ತಂದು ಹದಿನೈದಿಪ್ಪತ್ತು ನಿಮಿಷದ ಸರದಿಗಳಲ್ಲಿ ಓಡಿಸುತ್ತಾರೆ. ಬೆಳಿಗ್ಗೆ ಬಾವುಟಗಳ ಪಾಠವಾಗುತ್ತದೆ. ಹಳದಿ ಕಂಡರೆ ಮುಂದೆ ಅಪಾಯ, ನೀಲಿ ಕಂಡರೆ ಹಿಂದಿನಿಂದ ಬರುವ ವೇಗದವನಿಗೆ ದಾರಿ ಬಿಡಿ, ಕೆಂಪು ಕಂಡರೆ ಎಲ್ಲರ ಓಟವೂ ನಿಂತಿತು. ರಿಂಗ್ ರೋಡಿನಲ್ಲಿ ನಡುರಾತ್ರಿ ಕಾರು ಹಾರಿಸುವ ಹುಚ್ಚಿಗಿಂತ ಇದು ಎಷ್ಟೋ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತೊಂದರೆ ಏನೆಂದರೆ, ಬೆಂಗಳೂರಿನಲ್ಲಿ ಅಂಥ ಟ್ರ್ಯಾಕೇ ಇಲ್ಲ. ಕುಶ್ ಮೈನಿ, ಅರ್ಜುನ್ ಮೈನಿಯಂಥ ಅಂತರರಾಷ್ಟ್ರೀಯ ರೇಸರುಗಳನ್ನು ಕೊಟ್ಟ ಊರಿನವರು ಗಡಿ ದಾಟಲೇಬೇಕು. ಶ್ರೀಪೆರಂಬುದೂರಿನ ಬಳಿ ಇರುವ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ಒಂದು, 3.7 ಕಿ.ಮೀ. ಉದ್ದದ್ದು. ಅದು ಸಿದ್ಧವಾಗುವ ಮುಂಚೆ ಮದ್ರಾಸಿನ ರೇಸುಗಳು ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದವು. ಇನ್ನೊಂದು ಕೊಯಮತ್ತೂರಿನ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿ.ಮೀ. ಮಾರುತಿ 800ರ ಎಂಜಿನ್ನು ಕೂರಿಸಿ ‘ಫಾರ್ಮುಲಾ ಮಾರುತಿ’ ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕಿದೆ. ಅವರು 1995ರಲ್ಲಿ ಪುಟ್ಟ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡರು. ಎರಡೂ ಕಡೆಗೆ ಬೆಂಗಳೂರಿನಿಂದ ಮುನ್ನೂರು ಕಿ.ಮೀ.ಗೂ ಮೇಲೆ. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವವರು ಕಡಿಮೆ. ಸಿಲ್ಕ್ ಬೋರ್ಡು ದಾಟಿ, ಹೊಸೂರು ಹಾದು, ಅದೇ ಕಾರು ಓಡಿಸಿಕೊಂಡು ಹೋಗಿ, ದಿನವೆಲ್ಲ ಹಿಂಡಿ, ಅದರಲ್ಲೇ ಮನೆಗೆ ಬರಬೇಕು. ಸೋಮವಾರ ಮತ್ತೆ ಆಫೀಸು. ಇಲ್ಲಿನ ಮೆಕ್ಯಾನಿಕ್ಕುಗಳ ಕಸುಬು ರೂಪುಗೊಂಡಿರುವುದೇ ಈ ಕಟ್ಟುಪಾಡಿನೊಳಗೆ.

ಸ್ಪೋರ್ಟ್ಸ್ ಕಾರು ಎಂದಕೂಡಲೇ ಫೆರಾರಿ, ಪೋರ್ಶೆ ಎಂದು ಊಹಿಸುವುದು ಬೇಡ. ಅವೂ ಬರುತ್ತವೆ, ಆದರೆ ಈ ಲೋಕ ನಿಂತಿರುವುದು ಸೆಕೆಂಡ್ ಹ್ಯಾಂಡ್ ಕಾರುಗಳ ಮೇಲೆ. 2000ದ ದಶಕದ ಆರಂಭದ ಹೋಂಡಾ ಸಿಟಿ ವಿಟೆಕ್‌ಗೆ ಈಗಲೂ ಭಕ್ತರಿದ್ದಾರೆ. ಹಗುರ ಮೈ, ಹೆಚ್ಚಿನ ಆರ್‌ಪಿಎಂನಲ್ಲಿ ಕೂಗುವ ಎಂಜಿನ್ನು. ಫಿಯೆಟ್ ಪಾಲಿಯೊ 1.6 ಇದ್ದವರು ಅದನ್ನು ಮಾರುವುದಿಲ್ಲ, ಮಾರಿದವರು ಮರೆಯುವುದಿಲ್ಲ. 2013ರಲ್ಲಿ ಬಂದ 105 ಅಶ್ವಶಕ್ತಿಯ ಪೋಲೊ ಜಿಟಿ ಟಿಎಸ್‌ಐ, 2015ರ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರ 230 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಈಗ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿವೆ. ಪೋಲೊ ತಯಾರಿಕೆ ಇಲ್ಲಿ 2022ರಲ್ಲಿ ನಿಂತುಹೋಯಿತು. ಹಾಗಾಗಿ ಚೆನ್ನಾಗಿಟ್ಟುಕೊಂಡದ್ದು ಸಿಕ್ಕರೆ ಚೌಕಾಸಿಗೆ ಹೆಚ್ಚು ಜಾಗವಿರುವುದಿಲ್ಲ. ಜಿಟಿ ಟಿಎಸ್‌ಐ ಕೊಳ್ಳುವವರು ಅದರ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸನ್ನು ಬಿಸಿಯಾಗುವವರೆಗೂ ಓಡಿಸಿಯೇ ನೋಡಬೇಕು. ಅದು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನದು. ವರ್ಷಗಟ್ಟಲೆ ಬಿಟಿಎಂ ಟ್ರಾಫಿಕ್ಕಿನಲ್ಲಿ ತೆವಳಿದ ಗೇರ್‌ಬಾಕ್ಸು ಐದು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ತನ್ನ ಕಾಯಿಲೆ ಹೇಳುವುದಿಲ್ಲ. ಹದಿನೈದು ವರ್ಷ ದಾಟಿದ ಕಾರಾದರೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು.

ಕಾರು ಕೊಂಡವರು ಮೊದಲು ಕೇಳುವುದು ‘ಪವರ್ ಎಷ್ಟು ಏರಿಸಬಹುದು’ ಎಂದು. ಒಳ್ಳೆಯ ಮೆಕ್ಯಾನಿಕ್ಕು ಆ ಮಾತಿಗೆ ಕಿವಿಗೊಡದೆ ಚಕ್ರ ಬಿಚ್ಚಿ ಬ್ರೇಕು ನೋಡುತ್ತಾನೆ. ಅವನು ಮಾಡುವುದು ಸರಿ. 1,100 ಕೆ.ಜಿ. ತೂಕದ ಕಾರು 150 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ ಹುಟ್ಟುವ ಶಾಖ ಸುಮಾರು 8 ಲಕ್ಷ ಜೂಲ್. ಎರಡೂವರೆ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಟ್ರ್ಯಾಕಿನಲ್ಲಿ ಇದು ಒಂದೊಂದು ಸುತ್ತಿಗೂ ಹಲವು ಸಲ ಆಗುತ್ತದೆ. ಮಾಮೂಲಿ ಬ್ರೇಕ್ ಪ್ಯಾಡು ಮೂರ್ನಾಲ್ಕು ಸುತ್ತಿಗೇ ಹಿಡಿತ ಬಿಡುತ್ತದೆ, ಕಮಟು ವಾಸನೆ ಬರುತ್ತದೆ. ಅದಕ್ಕಿಂತ ಅಪಾಯಕಾರಿ ಬ್ರೇಕ್ ಆಯಿಲ್ ಕುದಿಯುವುದು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್-4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಾಳಬೇಕು. ನೀರು ಸೇರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಹಾಗಾಗಿ ಟ್ರ್ಯಾಕಿಗೆ ಹೊರಡುವ ಮುಂಚಿನ ಶನಿವಾರ ಗ್ಯಾರೇಜಿನಲ್ಲಿ ನಡೆಯುವ ಮುಖ್ಯ ಕೆಲಸ ಬ್ರೇಕ್ ಬ್ಲೀಡಿಂಗ್, ಎಂದರೆ ಹಳೆಯ ಆಯಿಲು ಇಳಿಸಿ ಹೊಸದು ತುಂಬುವುದು. ಇಬ್ಬರು ಬೇಕು. ಹುಡುಗ ಒಳಗೆ ಕೂತು ಪೆಡಲು ತುಳಿಯುತ್ತಾನೆ, ಮೇಸ್ತ್ರಿ ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕೂತು ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಖಾಲಿ ನೀರಿನ ಬಾಟಲಿಗೆ ಇಳಿಬಿಡುತ್ತಾನೆ. ‘ಪಂಪ್ ಮಾಡು... ಮಾಡು... ಹಿಡ್ಕೊ.’ ಸ್ಪ್ಯಾನರು ಕಾಲು ಸುತ್ತು ತಿರುಗಿದರೆ ಟೀ ಬಣ್ಣದ ಹಳೆಯ ಆಯಿಲು ಗುಳ್ಳೆಗಳ ಸಮೇತ ಇಳಿಯುತ್ತದೆ. ನಿಪ್ಪಲು ಬಿಗಿಯಾದ ಮೇಲೆಯೇ ‘ಬಿಡು’. ಮುಂಚೆ ಬಿಟ್ಟರೆ ಗಾಳಿ ಒಳಕ್ಕೆ ಹೋಯಿತು, ಮತ್ತೆ ಮೊದಲಿಂದ. ನಮ್ಮ ಬಲಗೈ ಸ್ಟೀರಿಂಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ ಚಕ್ರದಿಂದ ಶುರು. ಮಾಸ್ಟರ್ ಸಿಲಿಂಡರಿಗೆ ಅದೇ ಅತಿ ದೂರ. ಪೈಪಿನಲ್ಲಿ ಬರುವುದು ತಿಳಿಯಾಗಿ, ಗುಳ್ಳೆಯಿಲ್ಲದೆ ಇಳಿಯುವವರೆಗೂ ನಾಲ್ಕು ಚಕ್ರಕ್ಕೂ ಇದೇ. ನೋಡಲು ಏನೂ ರೋಮಾಂಚನವಿಲ್ಲ. ಆದರೆ ನೇರ ದಾರಿಯ ಕೊನೆಯಲ್ಲಿ ತಿರುವು ಎದುರಾದಾಗ ಪೆಡಲಿಗೆ ಕಾಲಿಡುವವನ ಧೈರ್ಯವೆಲ್ಲ ಈ ಕೆಲಸದಿಂದ ಬಂದದ್ದು.

ಇಲ್ಲಿಂದ ಇಳಿದು ಹೋಗುವವರು ಯೋಚಿಸದ ಇನ್ನೊಂದು ಸಂಗತಿ ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ಸುಮಾರು ಶೇ 10ರಷ್ಟು ತೆಳು. ಹಳೆಯ ಸಿಟಿ, ಪಾಲಿಯೊಗಳಂಥ ಟರ್ಬೊ ಇಲ್ಲದ ಎಂಜಿನ್ನುಗಳು ಇಲ್ಲಿ ಕಾಗದದ ಮೇಲಿನ ಶಕ್ತಿಯನ್ನು ಪೂರ್ತಿ ಕೊಡುವುದಿಲ್ಲ. ಶ್ರೀಪೆರಂಬುದೂರಿನ ತಗ್ಗಿಗೆ ಇಳಿದರೆ ದಟ್ಟ ಗಾಳಿ ಸಿಗುತ್ತದೆ, ಆದರೆ ಅದರೊಂದಿಗೆ ಚೆನ್ನೈನ ಬಿಸಿಲೂ ಸಿಗುತ್ತದೆ. ಜಯನಗರದ ಮರಗಳ ನೆರಳಿನಲ್ಲಿ ಒಂದು ದಿನವೂ ಸೂಜಿ ಮೇಲೇರದ ಕಾರು ಅಲ್ಲಿ ಮೂರನೇ ಸರದಿಗೇ ಕುದಿಯಬಹುದು. ರೇಡಿಯೇಟರು, ಕೂಲಂಟು, ಹೋಸು, ಫ್ಯಾನು ಇವನ್ನು ಮುಂಚೆಯೇ ನೋಡಿಸಬೇಕು. ಎಂಜಿನ್ ಆಯಿಲು ಮೇಲಿನ ಗುರುತಿನವರೆಗೂ ಇರಲಿ. ಉದ್ದನೆಯ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯದಿರಲು. ಸರದಿ ಮುಗಿದ ಮೇಲೆ ಒಂದು ಸುತ್ತು ನಿಧಾನವಾಗಿ ಬಂದು ಬ್ರೇಕು, ಟರ್ಬೊ ತಣ್ಣಗಾಗಲು ಬಿಡಬೇಕು. ಬಿಸಿ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು.

ಸಸ್ಪೆನ್ಷನ್ನಿನ ವಿಷಯದಲ್ಲಿ ನಮ್ಮ ರಸ್ತೆಗಳೇ ವೈರಿ. ಲಿಂಕ್ ರಾಡು, ಲೋವರ್ ಆರ್ಮ್ ಬುಶ್ಶುಗಳನ್ನು ಗುಂಡಿಗಳು ತಿಂದಿರುತ್ತವೆ. ಕಾರು ತಗ್ಗಿಸುವ ಸ್ಪ್ರಿಂಗು ಹಾಕಿಸಿಕೊಂಡವರು ಮನೆ ಮುಂದಿನ ಹಂಪಿಗೆ ಹೊಟ್ಟೆ ತಾಗಿಸಿಕೊಂಡು ಪಶ್ಚಾತ್ತಾಪ ಪಡುತ್ತಾರೆ. ಹೊಸ ಬುಶ್ಶು, ಕಂಪನಿಯ ಶಾಕ್ ಅಬ್ಸಾರ್ಬರು, ಸರಿಯಾದ ಅಲೈನ್‌ಮೆಂಟು, ಒಳ್ಳೆಯ ಟೈರು. ಮೊದಲ ವರ್ಷಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗೆ ಸಾಲು ಅಂಗಡಿಗಳು. ತಯಾರಿಕೆ ನಿಂತ ಫಿಯೆಟ್ಟಿನ ಭಾಗ ಬೇಕೆಂದರೆ ಶಿವಾಜಿನಗರದ ಗುಜರಿಯಲ್ಲಿ ತಾಳ್ಮೆಯಿಂದ ಕೆದಕಬೇಕು.

ಇನ್ನು ರಿಮ್ಯಾಪ್. ಟರ್ಬೊ ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ಬರೆದು ಶಕ್ತಿ ಏರಿಸುವ ಪರಿಣತರು ಬೆಂಗಳೂರಿನಲ್ಲಿದ್ದಾರೆ, ಕೆಲಸ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಕಾನೂನಿನ ಮಾತನ್ನು ಅವರು ಮೆಲ್ಲಗೆ ಆಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಬದಲಿಸಿ ಹಾಕಿಸಿಕೊಂಡ, ಕೇರಿಯ ನಿದ್ದೆ ಕೆಡಿಸುವ ಸೈಲೆನ್ಸರಿಗೆ ಈ ದಂಡ ಬಿದ್ದರೆ ನನಗಂತೂ ಕನಿಕರವಿಲ್ಲ.

ಖರ್ಚಿನ ಲೆಕ್ಕ ಹಾಕುವಾಗ ಪೆಟ್ರೋಲು, ಪ್ರವೇಶ ಶುಲ್ಕ, ಟೈರುಗಳ ಜೊತೆ ಇನ್ನೊಂದನ್ನು ಸೇರಿಸಿ. ನಿಮ್ಮ ಕಾರಿನ ವಿಮಾ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲುಗಳಿರುತ್ತವೆ. ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ರಿಪೇರಿ ಬಿಲ್ಲು ನಿಮ್ಮದೇ ಎಂದುಕೊಂಡು ಹೊರಡಿ. ಸಾಲದ ಕಂತು ಇನ್ನೂ ಕಟ್ಟುತ್ತಿರುವ ಕಾರನ್ನು ಒಯ್ಯಬೇಡಿ.

ಮೊದಲ ಸಲ ಹೋಗುವವರು ಎಂಜಿನ್ನಿಗೆ ಕೈ ಹಚ್ಚದೆ, ಹೊಸ ಬ್ರೇಕ್ ಆಯಿಲು, ಒಳ್ಳೆಯ ಪ್ಯಾಡು ಹಾಕಿಸಿಕೊಂಡು ಹೋಗಿ. ಡಿಕ್ಕಿ ಖಾಲಿ ಮಾಡಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಸಿ, ತುಂಬು ತೋಳಿನ ಹತ್ತಿ ಬಟ್ಟೆ ತೊಡಿ. ಹಳೆಯ ಪ್ಯಾಡುಗಳ ಒಂದು ಜೊತೆಯನ್ನು ಜೊತೆಗಿಟ್ಟುಕೊಳ್ಳಿ. ವಾಪಸು ಬರುವ ಮುನ್ನೂರು ಕಿ.ಮೀ.ಗೆ ಬೇಕಾಗಬಹುದು. ಹೆಲ್ಮೆಟ್ ಮಾತ್ರ ಸ್ವಂತದ್ದಿರಲಿ, ನಿಮ್ಮ ತಲೆಯ ಅಳತೆಗೇ ಕೂರುವಂಥದ್ದು.