ಮಲಗಿದ್ದಾನೆ, ಬಿಡು ಅನ್ನುವ ಮುಂಚೆ



ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗನ ಫೋನು ಬಂತು. ಟೋಕಿಯೋದ ಕಾಲೇಜೊಂದಕ್ಕೆ ಆಗಷ್ಟೇ ಸೇರಿದ್ದ. ಗ್ಯೋಟೋಕುವಿನ ನಮ್ಮ ಮನೆಯಲ್ಲೇ ವಾಸ.

"ಮಾವ, ಫ್ರೆಂಡ್ ಒಬ್ಬ ಕುಡಿದು ಮಲಗಿಬಿಟ್ಟಿದಾನೆ. ಎಬ್ಬಿಸಿದ್ರೆ ಏಳ್ತಿಲ್ಲ. ಎಲ್ಲರೂ ಮಲಗ್ಲಿ ಬಿಡು ಅಂತಿದಾರೆ. ನಾನು ಲಾಸ್ಟ್ ಟ್ರೈನ್ ಹಿಡಿದು ಬರ್ಲಾ?"

"ಬರಬೇಡ. ಮೊದಲು 119ಕ್ಕೆ ಫೋನ್ ಮಾಡು, ಅವನ ಪಕ್ಕದಲ್ಲೇ ಇರು" ಅಂದೆ.

ಏಪ್ರಿಲ್ ಬಂತೆಂದರೆ ಇಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸ್ವಾಗತದ ಪಾರ್ಟಿಗಳು. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾ ಒಂದೇ ಉಸಿರಿಗೆ ಗ್ಲಾಸು ಖಾಲಿ ಮಾಡಿಸುವುದಕ್ಕೆ 'ಇಕ್ಕಿ' ಎನ್ನುತ್ತಾರೆ. ಇದರಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರೂ ಸೇರಿ ಇದರ ವಿರುದ್ಧ 1992ರಿಂದ ಪ್ರಚಾರ ನಡೆಸುತ್ತಿದ್ದಾರೆ. ಜಪಾನಿನಲ್ಲಿ 2022ರಿಂದ 18 ವರ್ಷಕ್ಕೇ ವಯಸ್ಕರಾದರೂ ಕುಡಿಯಲು 20 ತುಂಬಿರಲೇಬೇಕು. ಅಂದರೆ ಮೊದಲ ವರ್ಷದ ಹೆಚ್ಚಿನ ಮಕ್ಕಳಿಗೆ ಕಾನೂನಿನ ಪ್ರಕಾರ ಒಂದು ಗುಟುಕೂ ಇಲ್ಲ.

ಅಪಾಯ ಎಲ್ಲಿದೆ? ಅರ್ಧ ಲೀಟರ್ ಬಿಯರ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದನ್ನು ಕರಗಿಸಲು ನಮ್ಮ ಲಿವರ್‌ಗೆ ಸುಮಾರು ನಾಲ್ಕು ಗಂಟೆ ಬೇಕು. ಗಟಗಟನೆ ಕುಡಿದಾಗ ಹೊಟ್ಟೆಯಲ್ಲಿ ಉಳಿದದ್ದು ಆಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಆದ್ದರಿಂದ ಕುಡಿದವನು ಮಲಗಿದ ಮೇಲೂ ಅಮಲು ಏರುತ್ತದೆ. ಅತಿಯಾದರೆ ಉಸಿರಾಟ ನಡೆಸುವ ಮಿದುಳಿನ ಭಾಗವೇ ಮಂದವಾಗುತ್ತದೆ. ಅಂಗಾತ ಮಲಗಿದ್ದರೆ ವಾಂತಿ ಗಂಟಲಿಗೆ ಕಟ್ಟಿಕೊಂಡು ಪ್ರಾಣವೇ ಹೋಗಬಹುದು.

ಇನ್ನೊಂದು ವಿಷಯ. ಸುಮಾರು ಶೇ. 40ರಷ್ಟು ಜಪಾನೀಯರಲ್ಲಿ ಆಲ್ಕೋಹಾಲ್ ಕರಗಿಸುವ ಒಂದು ಕಿಣ್ವ ದುರ್ಬಲ. ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಡವಡವ ಅನ್ನುತ್ತದೆ. ನಮ್ಮವರಲ್ಲಿ ಇದು ಅಪರೂಪ. "ಇಂಡಿಯಾದವನು, ತಡ್ಕೊಳ್ತಾನೆ" ಎಂದು ಗೆಳೆಯರು ಇನ್ನೊಂದು ಗ್ಲಾಸು ಕೊಟ್ಟಾರು. ಮುಖ ಕೆಂಪಾಗದಿದ್ದರೆ ಅಪಾಯ ಇಲ್ಲವೆಂದಲ್ಲ, ಮುನ್ಸೂಚನೆ ಇಲ್ಲ ಅಷ್ಟೆ.

ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಅಥವಾ ತಡೆತಡೆದು ಬಂದರೆ, ಮೈ ತಣ್ಣಗಾದರೆ, ಎಚ್ಚರವಿಲ್ಲದೆಯೇ ವಾಂತಿಯಾದರೆ ಕೂಡಲೇ 119. ಆಂಬುಲೆನ್ಸಿಗೆ ಇಲ್ಲಿ ಶುಲ್ಕವಿಲ್ಲ. ಅದು ಬರುವವರೆಗೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಹೊದಿಸಿ, ಬಿಟ್ಟುಹೋಗಬೇಡಿ. ಕಾಫಿ ಕುಡಿಸುವುದು, ತಣ್ಣೀರು ಸುರಿಯುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ.

ನನ್ನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾವೂ ಎಷ್ಟೋ ಜನರನ್ನು ರೂಮಿನಲ್ಲಿ ಮಲಗಿಸಿ, ಲೈಟ್ ಆರಿಸಿ ಹೋಗಿದ್ದೇವೆ. ಅವರು ಬೆಳಿಗ್ಗೆ ಎದ್ದದ್ದು ನಮ್ಮ ಜಾಣತನದಿಂದಲ್ಲ.

ಆ ಹುಡುಗ ಮರುದಿನ ಆಸ್ಪತ್ರೆಯಿಂದ ಮನೆಗೆ ಹೋದ. ಆದರೆ ನನ್ನನ್ನು ಕಾಡಿದ್ದು ಬೇರೆ. ಅಳಿಯ ನನಗೆ ಫೋನ್ ಮಾಡಲು ಅರ್ಧ ಗಂಟೆ ಹಿಂದೆಮುಂದೆ ನೋಡಿದ್ದನಂತೆ. ಅವನ ಬಾಯಲ್ಲೂ ಬಿಯರ್ ವಾಸನೆ ಇತ್ತು, ವಯಸ್ಸು 19. ಟ್ಯಾಕ್ಸಿಯಲ್ಲಿ ಕೇಳಿದ ಮೊದಲ ಮಾತು, "ಅಮ್ಮಂಗೆ ಹೇಳ್ತೀಯಾ ಮಾವ?"

ಕುಡಿಯಬೇಡ ಎಂದು ನಾವೆಲ್ಲ ಹೇಳುತ್ತೇವೆ, ಹೇಳಲೇಬೇಕು. ಅದರ ಜೊತೆಗೆ ಇದನ್ನೂ ಹೇಳೋಣ: "ಏನೇ ಆಗಿರಲಿ, ಮೊದಲು ಫೋನ್ ಮಾಡು. ಬೈಯೋದು ನಾಳೆಗಿರಲಿ."